ಒಂದೇ ಕೈಗೆ ಸಾಕಾದ ಲೈಕಾ

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬೆಯ ರಥ ಬಿಡಕಿ ಬಯಲಿನತ್ತ ಹೊರಟಾಗ ನನ್ನ ಎಡಗೈ ಅಮ್ಮನ ಕೈಯೊಳಗಿತ್ತು. ಎಪ್ಪತ್ತೆಂಟರ ಅಮ್ಮನನ್ನು ಆ ನೂಕುನುಗ್ಗಲಿನಲ್ಲಿ ಬಿಡುವಂತಿರಲಿಲ್ಲ. ಬಲಗೈಯಲ್ಲಿ ಲೈಕಾ ಸಿಎಲ್ ಇತ್ತು, ಜರ್ಮನಿಯ ಲೈಕಾ ಕಂಪನಿಯ, ಫಿಲ್ಮ್ ಹಾಕುವ ಹಳೆಯ ಪುಟ್ಟ ಕ್ಯಾಮೆರಾ. ಲೆನ್ಸಿನ ಫೋಕಸನ್ನು ಮನೆಯಲ್ಲೇ ಎಂಟು ಅಡಿಗೆ ಹೊಂದಿಸಿ, ಬೆಳಕು ಬಿಡುವ ಕಿಂಡಿಯಾದ ಅಪರ್ಚರನ್ನು ಹನ್ನೊಂದಕ್ಕೆ ಕಿರಿದು ಮಾಡಿಟ್ಟು ಬಂದಿದ್ದೆ, ಮತ್ತೆ ಮತ್ತೆ ಫೋಕಸ್ ಮಾಡುವ ಗೋಜಿರಲಿಲ್ಲ. ಹೆಬ್ಬೆರಳಿನಿಂದ ರೀಲು ಮುಂದೆ ತಳ್ಳುವುದು, ತೋರುಬೆರಳಿನಿಂದ ಒತ್ತುವುದು, ಅಷ್ಟೇ ಕೆಲಸ. ನನ್ನ ದೊಡ್ಡ ಕ್ಯಾಮೆರಾ ಇದ್ದಿದ್ದರೆ ಆ ದಿನ ಒಂದು ಚಿತ್ರವೂ ಸಿಗುತ್ತಿರಲಿಲ್ಲ.

ಸಿಎಲ್ ಬಂದದ್ದು 1973ರಲ್ಲಿ. ಲೈಕಾ ಅದನ್ನು ಜಪಾನಿನ ಮಿನೋಲ್ಟಾ ಜೊತೆ ಸೇರಿ ರೂಪಿಸಿತು, ತಯಾರಾದದ್ದೂ ಜಪಾನಿನಲ್ಲೇ. ಲೆನ್ಸ್ ಬಿಟ್ಟರೆ ತೂಕ ಸುಮಾರು 370 ಗ್ರಾಂ. ಅದೇ ಕಾಲದ ಲೈಕಾದ ದುಬಾರಿ ಕ್ಯಾಮೆರಾ ಎಂ5 ಸುಮಾರು 700 ಗ್ರಾಂ ತೂಗುತ್ತಿತ್ತು. ಬೆಲ್ಟ್ ಕೊಂಡಿಗಳೆರಡೂ ಒಂದೇ ಬದಿಗೆ ಇರುವುದರಿಂದ ಅದು ಹೆಗಲಿನಿಂದ ಉದ್ದುದ್ದಕ್ಕೆ ಇಳಿಬೀಳುತ್ತದೆ, ಜನರ ಮೊಣಕೈಗೆ ತಗಲುವುದಿಲ್ಲ. ನನಗೆ ಬಹಳ ಇಷ್ಟವಾದ ಏರ್ಪಾಡು ಇದು.

ಬೆಲೆ ಇಳಿಸಲು ಏನನ್ನು ಕಡಿದರು ಎಂಬುದನ್ನು ನೋಡಬೇಕು. ದೂರ ಅಳೆಯುವ ರೇಂಜ್‌ಫೈಂಡರಿನ ಎರಡು ಕಿಂಡಿಗಳ ಅಂತರವನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಹಾಗಾಗಿ ಉದ್ದದ, ಬೆಳಕು ಹೆಚ್ಚು ಹೀರುವ ಲೆನ್ಸ್ ಹಾಕಿದರೆ ಫೋಕಸ್ ತಪ್ಪಬಹುದು. ಆದರೆ ಜೊತೆಗೆ ಕೊಟ್ಟ 40 ಎಂಎಂ ಸುಮ್ಮಿಕ್ರಾನ್ ಲೆನ್ಸಿನಲ್ಲಿ ಕೈ ಹಿಡಿತ ಮಾಡಲಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ ಓಡಾಡುವವನಿಗೆ ಯಾವುದು ಬೇಕು, ಯಾವುದು ಬೇಡ ಎಂದು ಯಾರೋ ಕುಳಿತು ಯೋಚಿಸಿದ್ದಾರೆ.

ಮೂರು ವರ್ಷಗಳಲ್ಲಿ ಸುಮಾರು 65,000 ಸಿಎಲ್‌ಗಳು ತಯಾರಾದವು. 1976ರಲ್ಲಿ ನಿಂತುಹೋಯಿತು. ಅಗ್ಗದ ತಮ್ಮನಾದ ಸಿಎಲ್, ದುಬಾರಿ ಅಣ್ಣನಾದ ಎಂ5ರ ಗಿರಾಕಿಗಳನ್ನು ಕಿತ್ತುಕೊಂಡಿತು ಎಂಬ ಮಾತು ಇಂದಿಗೂ ಇದೆ. ಅದು ನಿಜವಾದರೆ ನಿಲ್ಲಿಸಬೇಕಾದದ್ದು ಸಿಎಲ್ ಅಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಯಾವುದನ್ನು ಕೈಗೆತ್ತಿಕೊಂಡರೋ ಅದನ್ನೇ ಕಸಿದುಕೊಂಡಂತಾಯಿತು. ಆ ದಾರಿಯಲ್ಲಿ 1980ರ ದಶಕಕ್ಕೆ ಮುಂದೆ ನಡೆದದ್ದು ಮಿನೋಲ್ಟಾ, ತನ್ನದೇ ಸಿಎಲ್‌ಇ ಕ್ಯಾಮೆರಾದೊಂದಿಗೆ.

ಈಚೆಗೆ ಲೈಕಾ ಮತ್ತೆ ತೂಕ ಇಳಿಸಿತು, ಬೆಲೆಯನ್ನಲ್ಲ. 2022ರಲ್ಲಿ ಬಂದ ಡಿಜಿಟಲ್ ಕ್ಯಾಮೆರಾ ಎಂ11ರ ಕಪ್ಪು ಮಾದರಿಗೆ ಲೈಕಾ ಹಿತ್ತಾಳೆಯ ಬದಲು ಅಲ್ಯೂಮಿನಿಯಂ ಹೊದಿಸಿತು. ಬೆಳ್ಳಿ ಬಣ್ಣದ್ದು 640 ಗ್ರಾಂ, ಕಪ್ಪು 530. ಬೆಲೆ ಮಾತ್ರ ಆಗ ಎರಡಕ್ಕೂ ಒಂದೇ ಇತ್ತು, ಸುಮಾರು ಒಂಬತ್ತು ಸಾವಿರ ಡಾಲರ್. ಫ್ಯೂಜಿಫಿಲ್ಮ್ ಬೇರೆ ಹಾದಿ ಹಿಡಿದಿತ್ತು. 2019ರ ಜಿಎಫ್‌ಎಕ್ಸ್ 100 ಕ್ಯಾಮೆರಾದ 102 ಮೆಗಾಪಿಕ್ಸೆಲ್ಲನ್ನೇ 2021ರಲ್ಲಿ 900 ಗ್ರಾಂ ತೂಕದ 100ಎಸ್‌ಗೆ ಕೊಟ್ಟು, ಬೆಲೆಯನ್ನು ಹತ್ತು ಸಾವಿರ ಡಾಲರಿನಿಂದ ಆರು ಸಾವಿರಕ್ಕೆ ಇಳಿಸಿತು. ಅದರಿಂದ ಆ ಕಂಪನಿಯ ಹೆಸರು ಕೆಡಲಿಲ್ಲ.

ಆರು ಸಾವಿರ ಡಾಲರ್ ಕೂಡ ನನ್ನಂಥವರಿಗೆ ಎಟುಕುವ ಮೊತ್ತವಲ್ಲ. ಹಾಗಾಗಿ ಬರುವ ಜಾತ್ರೆಗೂ ಇದೇ ಸಿಎಲ್. ಎಡಗೈ ಅಮ್ಮನದು.