ಹೆಪ್ಪುಗಟ್ಟುವುದನ್ನು ತಡೆದರೆ ರಕ್ತಸ್ರಾವ ಹೆಚ್ಚಲೇಬೇಕೇ?

ರಕ್ತ ಹೆಪ್ಪುಗಟ್ಟುವ ಬಗೆಯನ್ನು ಕುರಿತು ನಾನು ಸಂಶೋಧನೆ ಮಾಡುತ್ತೇನೆಂದು ತಿಳಿದವರು ಸ್ವಲ್ಪ ಹೊತ್ತಿನಲ್ಲೇ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: "ಹೆಪ್ಪುಗಟ್ಟುವುದನ್ನು ತಡೆದರೆ ರಕ್ತಸ್ರಾವ ಹೆಚ್ಚಲೇಬೇಕಲ್ಲವೇ? ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರುವುದು ಸಹಜವಲ್ಲವೇ? ಹಾಗಿದ್ದ ಮೇಲೆ ನೀವು ಹುಡುಕುತ್ತಿರುವುದಾದರೂ ಏನನ್ನು?" ಹೀಗೆ ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಿರುವುದಿಲ್ಲ, ತಾವು ಆಗಲೇ ಒಪ್ಪಿಕೊಂಡಿರುವ ಮಾತಿಗೆ ನಾನು ತಲೆಯಾಡಿಸಿದರೆ ಅವರಿಗೆ ಸಾಕು. ಬಾಯಲ್ಲಿ ಹೇಳಿ ಹೇಳಿ ದಣಿದಿದ್ದೇನೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ನೇರವಾಗಿ ಹೇಳುವುದಾದರೆ, ಇಲ್ಲ. ಅದು ನಿಯಮವಲ್ಲ. ಅದನ್ನು ತೋರಿಸಲು ನಾಳೆ ಬರಲಿರುವ ಯಾವುದೋ ಔಷಧಕ್ಕೆ ಕಾಯಬೇಕಾಗಿಯೂ ಇಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅನಿಯಮಿತ ಹೃದಯಬಡಿತವಿದ್ದ (ಇದರಲ್ಲಿ ಹೃದಯದ ಮೇಲ್ಗೋಣೆಯಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು) 18,201 ಮಂದಿಯಲ್ಲಿ, ಹೆಪ್ಪು ತಡೆಯುವ ಔಷಧಗಳಾದ ಹಳೆಯ ವಾರ್ಫರಿನ್ನನ್ನೂ ಹೊಸದಾದ ಅಪಿಕ್ಸಾಬಾನನ್ನೂ ಹೋಲಿಸಿ ನೋಡಿದ ಅರಿಸ್ಟಾಟಲ್ ಎಂಬ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡ ರಕ್ತಸ್ರಾವದ ಪ್ರಮಾಣ ವಾರ್ಫರಿನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ ಶೇ 3.09 ಇದ್ದರೆ, ಅಪಿಕ್ಸಾಬಾನ್ ತೆಗೆದುಕೊಂಡವರಲ್ಲಿ ಶೇ 2.13 ಇತ್ತು. ಅದೇ ಪ್ರಯೋಗದಲ್ಲಿ ಪಾರ್ಶ್ವವಾಯು ಮತ್ತು ದೇಹದ ಬೇರೆಡೆ ಹೆಪ್ಪು ಸಿಲುಕುವ ಘಟನೆಗಳು ಕೂಡ ಶೇ 21ರಷ್ಟು ಕಡಿಮೆಯಾದವು. ಎರಡೂ ಇಳಿದವು. 2013ರಲ್ಲಿ ಇದರ ತಲೆಕೆಳಗಾದ ಫಲಿತಾಂಶವೂ ಬಂದಿತು: ಯಾಂತ್ರಿಕ ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗೆ ವಾರ್ಫರಿನ್ ಬದಲು ಡ್ಯಾಬಿಗಟ್ರಾನ್ ಎಂಬ ಮತ್ತೊಂದು ಹೊಸ ಔಷಧ ಕೊಟ್ಟು ನೋಡಿದಾಗ ಹೆಪ್ಪಿನ ತೊಂದರೆಯೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎರಡು ತಟ್ಟೆಗಳೂ ಒಟ್ಟಿಗೆ ಇಳಿಯುವ, ಒಟ್ಟಿಗೆ ಏರುವ ಸಾಧನವನ್ನು ಯಾರೂ ತಕ್ಕಡಿ ಎಂದು ಕರೆಯುವುದಿಲ್ಲ.

ಈ ಹೋಲಿಕೆಯ ಮೇಲೆ ನನಗಿಷ್ಟು ಸಿಟ್ಟು ಏಕೆಂದರೆ, ಅದು ಹರಟೆಯ ಮಾತಾಗಿ ಉಳಿಯದೆ ಮಾತ್ರೆಯ ಡಬ್ಬಿಯವರೆಗೂ ಹೋಗುತ್ತದೆ. ಒಂದು ಸಾರ್ವಜನಿಕ ಉಪನ್ಯಾಸದ ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಡಾಕ್ಟರೇ, ನನಗೂ ಹೃದಯದ ಬಡಿತ ಸರಿಯಿಲ್ಲ, ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟಿದ್ದಾರೆ. ತೋಳಿನ ಮೇಲೆ ನೀಲಿ ಕಲೆ ಕಾಣಿಸಿಕೊಂಡಿತು. ಅದಕ್ಕೆ ನಾನೇ ಒಂದನ್ನು ಬಿಟ್ಟಿದ್ದೇನೆ. ಅರ್ಧ ಔಷಧ, ಅರ್ಧ ರಕ್ತಸ್ರಾವ, ಹೆಪ್ಪಿಗೂ ಅರ್ಧ ರಕ್ಷಣೆ ಇದ್ದೇ ಇರುತ್ತದಲ್ಲ?" ಎಂದರು. ಸಭೆಯಲ್ಲಿ ಹಲವರು ಹೌದೆಂಬಂತೆ ತಲೆದೂಗಿದರು. ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ, "ನಾನು ಹೇಳಿದರೆ ಕೇಳುವುದಿಲ್ಲ, ನೀವಾದರೂ ಹೇಳಿ" ಎಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಅಮ್ಮನ ಆತಂಕ ಸಕಾರಣವಾಗಿತ್ತು. ಉದಾಹರಣೆಗೆ ಅಪಿಕ್ಸಾಬಾನಿನ ಪ್ರಮಾಣವನ್ನು ಈ ಕಾಯಿಲೆಯಲ್ಲಿ ತಗ್ಗಿಸಲು ನಿಶ್ಚಿತ ಮಾನದಂಡಗಳಿವೆ: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಡೆಸಿಲೀಟರಿಗೆ 1.5 ಮಿಲಿಗ್ರಾಂ ಅಥವಾ ಹೆಚ್ಚು. ಈ ಮೂರರಲ್ಲಿ ಎರಡಾದರೂ ಇರಬೇಕು. ಅವು ಏಕಿವೆಯೆಂದರೆ, ಅಂಥವರ ದೇಹದಲ್ಲಿ ಔಷಧ ಹೆಚ್ಚು ಉಳಿದುಕೊಳ್ಳುತ್ತದೆ. ತೋಳಿನ ಮೇಲಿನ ನೀಲಿ ಕಲೆ ಆ ಪಟ್ಟಿಯಲ್ಲಿಲ್ಲ. ಅದೇ ಔಷಧದ ಅರ್ಧ ಪ್ರಮಾಣ ಬೇರೊಂದು ಸ್ಥಿತಿಯಲ್ಲಿ ಸಾಕಾಗುತ್ತದೆ ಎಂಬುದೂ ನಿಜ: ಕಾಲಿನ ಅಭಿಧಮನಿಯಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿ, ಆರು ತಿಂಗಳಿಗೆ ಕಡಿಮೆಯಿಲ್ಲದೆ ಚಿಕಿತ್ಸೆ ಮುಗಿಸಿದವರಲ್ಲಿ 2.5 ಮಿಲಿಗ್ರಾಂ ಮಾತ್ರೆ 5 ಮಿಲಿಗ್ರಾಂ ಮಾತ್ರೆಯಷ್ಟೇ ಚೆನ್ನಾಗಿ ಮರುಕಳಿಕೆಯನ್ನು ತಡೆಯಿತೆಂದು 2013ರ ಪ್ರಯೋಗವೊಂದು ತೋರಿಸಿದೆ. ಹೃದಯದ ಮೇಲ್ಗೋಣೆಯಲ್ಲಿ ಕಟ್ಟುವ ಹೆಪ್ಪಿಗೆ ಆ ಲೆಕ್ಕವನ್ನು ಒಯ್ದು ಹಾಕಲಾಗದು. ಇಷ್ಟನ್ನೂ ನಾನು ಅವರಿಗೆ ಸ್ವಲ್ಪ ಗಡುಸಾಗಿಯೇ ಹೇಳಿ, ಮರುದಿನವೇ ತಮ್ಮ ವೈದ್ಯರನ್ನು ಕಾಣುವಂತೆ ಒತ್ತಾಯಿಸಿದೆ.

ಈಗ, ಎರಡನ್ನೂ ಬೇರ್ಪಡಿಸುವುದು ಹೇಗೆ ಸಾಧ್ಯ ಎಂಬ ವಿಚಾರ. ನಾಳಕ್ಕೆ ಗಾಯವಾದಾಗ ಅದರ ಗೋಡೆಯ ಹೊರಪದರದಲ್ಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತಕ್ಕೆ ತಾಗುತ್ತದೆ. ಅದು, ಸಂಖ್ಯೆಗಳಿಂದ ಗುರುತಿಸುವ ರಕ್ತದ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಒಂದಾದ ಫ್ಯಾಕ್ಟರ್ 7ರೊಡನೆ ಸೇರಿ ಫ್ಯಾಕ್ಟರ್ 10ನ್ನು ಚುರುಕುಗೊಳಿಸುತ್ತದೆ, ಫ್ಯಾಕ್ಟರ್ 10 ಥ್ರಾಂಬಿನ್ನನ್ನು ಹುಟ್ಟಿಸುತ್ತದೆ, ಥ್ರಾಂಬಿನ್ ಫೈಬ್ರಿನ್ ಎಳೆಗಳನ್ನು ಹೆಣೆದು ಗಾಯವನ್ನು ಮುಚ್ಚುತ್ತದೆ. ಗಾಯದ ಸ್ಥಳದಲ್ಲಿ ಟಿಶ್ಯೂ ಫ್ಯಾಕ್ಟರ್ ಧಾರಾಳವಾಗಿರುವುದರಿಂದ ಈ ಕೆಲಸಕ್ಕೆ ಬೇರೆಯವರ ನೆರವು ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ನಾಳದ ಒಳಗೆ, ಗೋಡೆಯಿಂದ ದೂರಕ್ಕೆ, ಹರಿವನ್ನೇ ಅಡ್ಡಗಟ್ಟುವಷ್ಟು ಬೆಳೆಯುವ ಹೆಪ್ಪಿಗೆ ಥ್ರಾಂಬಿನ್ ಸತತವಾಗಿ ಒದಗುತ್ತಿರಬೇಕು, ಮತ್ತು ಅದನ್ನು ಒದಗಿಸುವುದು ಒಂದು ಸುತ್ತುದಾರಿ: ಹುಟ್ಟಿದ ಥ್ರಾಂಬಿನ್ ಹಿಂದಿರುಗಿ ಫ್ಯಾಕ್ಟರ್ 11ನ್ನು ಎಬ್ಬಿಸುತ್ತದೆ, ಫ್ಯಾಕ್ಟರ್ 11 ಒಂಬತ್ತನ್ನು, ಒಂಬತ್ತು ಹತ್ತನ್ನು ಎಬ್ಬಿಸಿ ಇನ್ನಷ್ಟು ಥ್ರಾಂಬಿನ್ ತಯಾರಾಗುತ್ತದೆ. ಇದಲ್ಲದೆ ಡಯಾಲಿಸಿಸ್ ಕೊಳವೆಯಂಥ ಪರಕೀಯ ಮೇಲ್ಮೈ ರಕ್ತಕ್ಕೆ ತಾಗಿದಾಗ ಫ್ಯಾಕ್ಟರ್ 12 ಎಚ್ಚೆತ್ತು ಹನ್ನೊಂದನ್ನು ನೇರವಾಗಿ ಎಬ್ಬಿಸಬಲ್ಲದು. ನಾವು ಇಂದು ಬಳಸುವ ಹೆಪಾರಿನ್, ವಾರ್ಫರಿನ್, ಅಪಿಕ್ಸಾಬಾನ್, ಡ್ಯಾಬಿಗಟ್ರಾನ್ ಎಲ್ಲವೂ ಎರಡು ದಾರಿಗಳೂ ಕೂಡುವ ಜಾಗವನ್ನು, ಎಂದರೆ ಫ್ಯಾಕ್ಟರ್ 10ನ್ನೋ ಥ್ರಾಂಬಿನ್ನನ್ನೋ ಹಿಡಿಯುತ್ತವೆ. ಆದ್ದರಿಂದಲೇ ಅವು ಗಾಯ ಮುಚ್ಚುವುದಕ್ಕೂ ಅಡ್ಡಿಯಾಗುತ್ತವೆ. ಹನ್ನೊಂದನ್ನು ಮಾತ್ರ ಹಿಡಿದರೆ?

ಈ ಪ್ರಶ್ನೆಗೆ ಮೊದಲ ಉತ್ತರ ಪ್ರಯೋಗಶಾಲೆಯಿಂದ ಬರಲಿಲ್ಲ, ಹುಟ್ಟಿನಿಂದಲೇ ಫ್ಯಾಕ್ಟರ್ 11 ಕೊರತೆಯಿರುವ ಮನುಷ್ಯರಿಂದ ಬಂತು. 1953ರಲ್ಲಿ ರೊಸೆಂತಾಲ್ ಮತ್ತು ಸಂಗಡಿಗರು ವರ್ಣಿಸಿದ ಈ ಕೊರತೆ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಹಿಮೋಫಿಲಿಯಾದ ಇತರ ಬಗೆಗಳಲ್ಲಿ ಆಗುವಂತೆ ಇವರ ಕೀಲುಗಳಲ್ಲಿ ತಾನಾಗಿ ರಕ್ತ ಸೋರುವುದು ಅಪರೂಪ. ಹಲ್ಲು ಕೀಳಿಸಿದಾಗ, ಗಂಟಲು, ಮೂಗು ಅಥವಾ ಮೂತ್ರನಾಳದ ಶಸ್ತ್ರಚಿಕಿತ್ಸೆಯಾದಾಗ ರಕ್ತ ನಿಲ್ಲುವುದು ಕಷ್ಟವಾಗಬಹುದು. ಇಸ್ರೇಲಿನಲ್ಲಿ ಇಂಥವರನ್ನು ಅನುಸರಿಸಿ ನಡೆಸಿದ ಅಧ್ಯಯನಗಳಲ್ಲಿ ಹೆಪ್ಪಿನಿಂದಾಗುವ ಪಾರ್ಶ್ವವಾಯುವೂ ಕಾಲಿನ ಆಳದ ಅಭಿಧಮನಿಯ ಹೆಪ್ಪೂ ನಿರೀಕ್ಷೆಗಿಂತ ಕಡಿಮೆ ಕಂಡವು. ಹೃದಯಾಘಾತ ಮಾತ್ರ ಇತರರಷ್ಟೇ ಇತ್ತು. ಈ ಕೊನೆಯ ವಾಕ್ಯವನ್ನು ನೆನಪಿನಲ್ಲಿಡಿ. ಅದಕ್ಕೆ ಮತ್ತೆ ಬರುತ್ತೇನೆ.

ಔಷಧದಿಂದ ಅದನ್ನೇ ಸಾಧಿಸಬಹುದೆಂಬ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು 2015ರಲ್ಲಿ. ಮಂಡಿಯ ಕೀಲು ಬದಲಾಯಿಸಿಕೊಳ್ಳಲಿದ್ದವರಿಗೆ, ಯಕೃತ್ತು ಫ್ಯಾಕ್ಟರ್ 11ನ್ನು ತಯಾರಿಸದಂತೆ ಮಾಡುವ ಚುಚ್ಚುಮದ್ದನ್ನು ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ ಶುರುಮಾಡಿ ಕೊಡಲಾಯಿತು. ಎನಾಕ್ಸಪರಿನ್ ಎಂಬ ಹೆಪಾರಿನ್ ಬಗೆಯ ಔಷಧ ಪಡೆದವರಲ್ಲಿ ಶೇ 30 ಮಂದಿಗೆ ಅಭಿಧಮನಿಯ ಹೆಪ್ಪು ಕಂಡರೆ, ಹೊಸ ಔಷಧದ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಅದು ಶೇ 4 ಮಾತ್ರ, ರಕ್ತಸ್ರಾವವೂ ಹೆಚ್ಚಲಿಲ್ಲ. ಆ ಹೆಪ್ಪುಗಳಲ್ಲಿ ಬಹುಪಾಲು ರೋಗಿಗೆ ಗೊತ್ತೇ ಆಗದ, ಚಿತ್ರಣದಲ್ಲಿ ಮಾತ್ರ ಕಾಣುವಂಥವು ಎಂಬುದನ್ನೂ ಹೇಳಬೇಕು. ಆದರೂ ಆ ಅಂಕಿಗಳನ್ನು ಮೊದಲ ಬಾರಿ ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಬಳಿಕ ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಅಬೆಲಾಸಿಮ್ಯಾಬ್ ಎಂಬ ಪ್ರತಿಕಾಯವನ್ನು ಏಟ್ರಿಯಲ್ ಫಿಬ್ರಿಲೇಷನ್ ಇರುವ 1,287 ಮಂದಿಯಲ್ಲಿ ಅಪಿಕ್ಸಾಬಾನ್ ಗುಂಪಿನದೇ ಆದ ರಿವರಾಕ್ಸಬಾನ್ ಜೊತೆ ಹೋಲಿಸಿದಾಗ, ಗಮನಾರ್ಹ ರಕ್ತಸ್ರಾವ ಶೇ 60ಕ್ಕೂ ಹೆಚ್ಚು ತಗ್ಗಿತು. ವ್ಯತ್ಯಾಸ ಎಷ್ಟು ಎದ್ದು ಕಂಡಿತೆಂದರೆ 2023ರಲ್ಲಿ ಆ ಪ್ರಯೋಗವನ್ನು ಅವಧಿಗೆ ಮೊದಲೇ ಮುಗಿಸಲಾಯಿತು. ಪಾರ್ಶ್ವವಾಯುವಿನ ಬಗ್ಗೆ ತೀರ್ಪು ಹೇಳುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಪೆಟ್ಟು ಬಿತ್ತು. ಚುರುಕುಗೊಂಡ ಫ್ಯಾಕ್ಟರ್ 11ನ್ನು ತಡೆಯುವ ಅಸುಂಡೆಕ್ಸಿಯಾನ್ ಎಂಬ ಮಾತ್ರೆಯನ್ನು ಅಪಿಕ್ಸಾಬಾನ್ ಎದುರು ಪರೀಕ್ಷಿಸುತ್ತಿದ್ದ, ಏಟ್ರಿಯಲ್ ಫಿಬ್ರಿಲೇಷನ್ ಇರುವ 14,810 ಮಂದಿಯ ಪ್ರಯೋಗವನ್ನು ನಿಲ್ಲಿಸಲಾಯಿತು. ದೊಡ್ಡ ರಕ್ತಸ್ರಾವ ಶೇ 0.7ರ ಬದಲು ಶೇ 0.2 ಮಾತ್ರ ಇತ್ತು, ಆದರೆ ಪಾರ್ಶ್ವವಾಯು ಅಥವಾ ಬೇರೆಡೆ ಹೆಪ್ಪು ಸಿಲುಕಿದವರು ಶೇ 0.4ರ ಬದಲು ಶೇ 1.3 ಇದ್ದರು. ಅಂದಿನಿಂದ ನನ್ನನ್ನು ಕೇಳುವವರ ದನಿಯಲ್ಲಿ ಗೆಲುವು ಸೇರಿಕೊಂಡಿದೆ: "ನೋಡಿ, ನಾವು ಹೇಳಿರಲಿಲ್ಲವೇ?" ಇಲ್ಲ, ನೀವು ಹೇಳಿದ್ದು ಇದನ್ನಲ್ಲ. ಆ ಪ್ರಯೋಗ ತೋರಿಸಿದ್ದು, ಹೃದಯದ ಮೇಲ್ಗೋಣೆಯ ಹೆಪ್ಪಿನ ಎದುರು ಆ ಪ್ರಮಾಣದ ಆ ಮಾತ್ರೆ ಅಪಿಕ್ಸಾಬಾನಿಗೆ ಸಾಟಿಯಲ್ಲ ಎಂಬುದನ್ನು. ತಡೆ ಸಾಲದಾಯಿತೇ, ಅಥವಾ ಆ ಹೆಪ್ಪು ಹನ್ನೊಂದನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲವೇ ಎಂಬ ಬಗ್ಗೆ ನಮ್ಮಲ್ಲೇ ಎರಡು ಪಕ್ಷಗಳಿವೆ. ಎರಡನೆಯದರ ಪಾಲು ಇದೆ ಎಂದು ನನಗನಿಸುತ್ತದೆ, ಆದರೆ ಫ್ಯಾಕ್ಟರ್ 11ನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಡಗಿಸುವ ಔಷಧವೊಂದು ದೊಡ್ಡ ಪ್ರಯೋಗದಲ್ಲಿ ಸೋಲುವವರೆಗೆ ಮೊದಲನೆಯದನ್ನು ತಳ್ಳಿಹಾಕಲಾರೆ.

ಹಾಗಾಗಿ "ರಕ್ತಸ್ರಾವವಿಲ್ಲದೆ ಹೆಪ್ಪನ್ನು ತಡೆಯಬಹುದೇ" ಎಂದು ಕೇಳುವ ಬದಲು, "ಯಾವ ಹೆಪ್ಪನ್ನು, ಎಲ್ಲಿಯದನ್ನು" ಎಂದು ಯಾರಾದರೂ ಕೇಳಲಿ ಎಂಬುದು ನನ್ನ ಬಹುಕಾಲದ ಆಸೆ. ನಿಧಾನವಾಗಿ ಹರಿಯುವ ಕಾಲಿನ ಅಭಿಧಮನಿಯಲ್ಲಿ ಬೆಳೆಯುವ ಹೆಪ್ಪು ಫೈಬ್ರಿನ್ನಿಂದ ತುಂಬಿರುತ್ತದೆ. ಹೃದಯಕ್ಕೆ ರಕ್ತ ಕೊಡುವ ಅಪಧಮನಿಯಲ್ಲಿ ಕೊಬ್ಬಿನ ಗಡ್ಡೆ ಒಡೆದಾಗ ಅದರೊಳಗಿನ ಟಿಶ್ಯೂ ಫ್ಯಾಕ್ಟರ್ ರಾಶಿಯಾಗಿ ಹೊರಬೀಳುತ್ತದೆ, ಪ್ಲೇಟ್‌ಲೆಟ್‌ಗಳು ಮುತ್ತುತ್ತವೆ. ಅಲ್ಲಿ ಸುತ್ತುದಾರಿಯ ನೆರವಿಗೆ ಹೆಚ್ಚಿನ ಅವಕಾಶವೇ ಇಲ್ಲ. ಫ್ಯಾಕ್ಟರ್ 11 ಇಲ್ಲದವರಿಗೂ ಹೃದಯಾಘಾತ ತಪ್ಪದಿರುವುದು ಇದಕ್ಕೆ ಹೊಂದುತ್ತದೆ. 2025ರ ನವೆಂಬರಿನಲ್ಲಿ ಬಂದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಮಿಲ್ವೆಕ್ಸಿಯಾನ್ ಎಂಬ ಇದೇ ಗುಂಪಿನ ಮಾತ್ರೆಯನ್ನು ಹೃದಯಾಘಾತದಂಥ ತೀವ್ರ ತೊಂದರೆಯ ನಂತರ ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು, ಪ್ರಯೋಜನ ಕಾಣುವ ಸಂಭವವಿಲ್ಲವೆಂದು ನಿಲ್ಲಿಸಲಾಯಿತು, ಅಪಿಕ್ಸಾಬಾನ್ ಎದುರು ಸೋತಿದ್ದ ಅದೇ ಅಸುಂಡೆಕ್ಸಿಯಾನ್, ಹೃದಯದಿಂದ ಬಂದ ಹೆಪ್ಪಿನ ಕಾರಣವಲ್ಲದೆ ಪಾರ್ಶ್ವವಾಯುವಾದವರಲ್ಲಿ ಪ್ಲೇಟ್‌ಲೆಟ್ ತಡೆಯುವ ಔಷಧದ ಜೊತೆ ಸೇರಿದಾಗ ಮತ್ತೊಂದು ಪಾರ್ಶ್ವವಾಯುವನ್ನು ತಗ್ಗಿಸಿತು, ದೊಡ್ಡ ರಕ್ತಸ್ರಾವವನ್ನು ಹೆಚ್ಚಿಸಲಿಲ್ಲ. ಒಂದೇ ಮಾತ್ರೆ, ಒಂದೇ ಫ್ಯಾಕ್ಟರ್, ಬೇರೆ ಹೆಪ್ಪು, ಬೇರೆ ಫಲ.

ಇನ್ನೂ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಹೊಸ ಔಷಧವನ್ನು ಯಾವುದರ ಜೊತೆ ಹೋಲಿಸಬೇಕು? ಅಪಿಕ್ಸಾಬಾನ್ ತಡೆದುಕೊಳ್ಳಬಲ್ಲವರಿಗೆ ಅದರಷ್ಟಾದರೂ ಪಾರ್ಶ್ವವಾಯುವನ್ನು ತಡೆಯದ ಔಷಧ ಬೇಡ, ಸರಿ. ಆದರೆ ಹಿಂದೊಮ್ಮೆ ಕರುಳಿನಲ್ಲೋ ಮಿದುಳಿನಲ್ಲೋ ರಕ್ತ ಸೋರಿದವರು, ಮೂತ್ರಪಿಂಡ ಕೈಕೊಟ್ಟವರು, ಪದೇ ಪದೇ ಬೀಳುವ ವೃದ್ಧರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಔಷಧ ಬೇಕೆಂದು ಗೊತ್ತಿದ್ದೂ ರಕ್ತಸ್ರಾವದ ಭಯದಿಂದ ವೈದ್ಯರು ಏನನ್ನೂ ಕೊಡುವುದಿಲ್ಲ. ಅಬೆಲಾಸಿಮ್ಯಾಬನ್ನು ಇಂಥವರಲ್ಲೇ, ಔಷಧವಿಲ್ಲದ ಹುಸಿ ಚುಚ್ಚುಮದ್ದಿನ ಎದುರು ಪರೀಕ್ಷಿಸುವ ಲೈಲಾಕ್ ಎಂಬ ಪ್ರಯೋಗವನ್ನು ಕೈಗೊಳ್ಳಲಾಗಿದೆ. ಅಲ್ಲಿ ಹೊಸ ಔಷಧ ಅಪಿಕ್ಸಾಬಾನನ್ನು ಮೀರಿಸಬೇಕಾಗಿಲ್ಲ. ಏನೂ ಕೊಡದೆ ಕಳುಹಿಸುವುದಕ್ಕಿಂತ ಮೇಲೆಂದು ತೋರಿಸಬೇಕು, ಮತ್ತು ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವ ಪ್ರತಿಕಾಯವಾದ್ದರಿಂದ, ನಡುವೆ ಅಂಥವರಿಗೆ ತುರ್ತು ಶಸ್ತ್ರಚಿಕಿತ್ಸೆ ಬಂದರೆ ರಕ್ತವನ್ನು ಹೇಗೆ ನಿಲ್ಲಿಸಬೇಕೆಂಬುದನ್ನು ನಾವು ಮೊದಲೇ ಗೊತ್ತುಮಾಡಿಕೊಂಡಿರಬೇಕು.