ಲಗ್ನಪತ್ರಿಕೆಗೆ ಮನೆ ಪ್ರಿಂಟರ್: ಅಂಗಡಿಗೆ ಹೋಗುವಾಗ ಅರಿಶಿನದ ಪೊಟ್ಟಣ ಇರಲಿ

ದಾವಣಗೆರೆ ಕಡೆ ಲಗ್ನಪತ್ರಿಕೆ ಅಂದರೆ ಮೂಲೆಗೆ ಅರಿಶಿನ ಬೀಳಲೇಬೇಕು. ದುಗ್ಗಮ್ಮನ ಗುಡಿಗೆ ಇಡುವ ಮೊದಲ ಪತ್ರಿಕೆಗಂತೂ ಕೇಳುವುದೇ ಬೇಡ. ಮನೆಯಲ್ಲಿ ಪ್ರಿಂಟ್ ಮಾಡಿದ ಕಾರ್ಡು ಸೋಲುವುದು ಅಲ್ಲೇ. ಒದ್ದೆ ಬೆರಳು ತಾಗಿದ್ದೇ ತಡ, ಅಂಚಿನ ಕೆಂಪು ಬಳ್ಳಿ ಕರಗಿ ಅರಿಶಿನದೊಳಗೆ ಹರಿದು ಮೂಲೆಯೆಲ್ಲ ರಾಡಿಯಾಗುತ್ತದೆ.

ಪ್ರಿಂಟರ್ ಕೊಳ್ಳುವವರು ಡಿಪಿಐ (ಇಂಚಿಗೆ ಬೀಳುವ ಚುಕ್ಕೆ) ಎಷ್ಟು, ನಿಮಿಷಕ್ಕೆ ಎಷ್ಟು ಹಾಳೆ ಅಂತ ಕೇಳುತ್ತಾರೆ. ಪತ್ರಿಕೆಗೆ ಅವೆರಡೂ ಮುಖ್ಯವಲ್ಲ. ಕೇಳಬೇಕಾದ್ದು ಶಾಯಿ ಯಾವ ಜಾತಿಯದು, ಹಾಳೆ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು. ಇನ್ನೊಂದು ಮಾತು: 500 ಕಾರ್ಡು ಬೇಕಿದ್ದರೆ ಈ ಉಸಾಬರಿ ಬಿಟ್ಟು ಪ್ರೆಸ್ಸಿಗೆ ಹೋಗಿ. ಮನೆ ಪ್ರಿಂಟರ್ ಹೊಂದುವುದು 60ರಿಂದ 150 ಕಾರ್ಡಿಗೆ.

ಇಂಕ್‌ಜೆಟ್, ಅಂದರೆ ದ್ರವ ಶಾಯಿ ಚಿಮ್ಮಿಸುವ ಪ್ರಿಂಟರ್‌ನ ಶಾಯಿಯಲ್ಲಿ ಎರಡು ಬಗೆ. ನೀರಿನಲ್ಲಿ ಕರಗಿದ ಬಣ್ಣ ಡೈ. ನುಣ್ಣನೆ ಪುಡಿಯಾಗಿ ಕಾಗದದ ಮೇಲೆ ಕೂರುವುದು ಪಿಗ್ಮೆಂಟ್. ಡೈ ಒದ್ದೆಗೆ ಹರಡುತ್ತದೆ, ಒಣಗಿದ ಪಿಗ್ಮೆಂಟ್ ಬಹುಮಟ್ಟಿಗೆ ತಡೆಯುತ್ತದೆ. ಎಪ್ಸನ್ ಎಲ್3250ಕ್ಕೆ ಹಾಕುವ 003 ಶಾಯಿಯ ನಾಲ್ಕೂ ಬಾಟಲಿ ಡೈ. ಕ್ಯಾನನ್ ಜಿ2010, ಜಿ3010ರಲ್ಲಿ ಮತ್ತು ಎಚ್‌ಪಿಯ ಜಿಟಿ53 ಶಾಯಿಯ ಮಾದರಿಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಬಣ್ಣಗಳು ಡೈ. ನಾಲ್ಕೂ ಪಿಗ್ಮೆಂಟ್ ಬೇಕೆಂದರೆ ಎಪ್ಸನ್ ಎಲ್15150ರಂಥದ್ದಕ್ಕೆ ಹೋಗಬೇಕು. ಅದು ಎ3 ಯಂತ್ರ, ಒಂದು ಮದುವೆಗೆಂದು ಕೊಳ್ಳುವ ದರದ್ದಲ್ಲ.

ಕಪ್ಪು ಪಿಗ್ಮೆಂಟ್ ಇರುವ ಯಂತ್ರದಲ್ಲೂ ಒಂದು ಮೋಸವಿದೆ. ಪ್ರಿಂಟ್ ಕೊಡುವಾಗ ಕಾಗದದ ಬಗೆ ‘ಫೋಟೋ ಪೇಪರ್’ ಅಂತ ಆರಿಸಿದರೆ ಯಂತ್ರ ಆ ಕಪ್ಪನ್ನು ಮುಟ್ಟುವುದೇ ಇಲ್ಲ. ಮೂರು ಡೈ ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಅಕ್ಷರ ಕಂದು ಹೊಡೆಯುತ್ತದೆ, ನೀರಿಗೂ ಹರಡುತ್ತದೆ. ಕೋಟಿಂಗ್ ಇಲ್ಲದ ಐವರಿ ಕಾರ್ಡಿಗೆ ‘ಪ್ಲೇನ್ ಪೇಪರ್’, ಗುಣಮಟ್ಟ ‘ಹೈ’ ಇಡಿ.

ಆದರೆ ಶುಭಕಾರ್ಯದ ಪತ್ರಿಕೆ ಕಪ್ಪಕ್ಷರದಲ್ಲಿ ಬೇಡ ಅನ್ನುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಅವರ ಮಾತು ಮೀರಲಾಗದಿದ್ದರೆ ಹೆಸರು, ಮುಹೂರ್ತ ಕುಂಕುಮ ಬಣ್ಣದಲ್ಲಿರಲಿ, ನಾಲ್ಕು ಮೂಲೆಯಲ್ಲಿ ಎರಡೆರಡು ಸೆಂಟಿಮೀಟರ್ ಏನೂ ಅಚ್ಚಾಗದಂತೆ ಖಾಲಿ ಬಿಡಿ. ಬಳ್ಳಿ ಚಿತ್ತಾರ ಮೇಲೆ ಕೆಳಗೆ ಮಧ್ಯದಲ್ಲಿ ಸಾಕು. ಅಂಗಡಿಯಲ್ಲೇ ನಿಮ್ಮ ಕಾರ್ಡಿನ ಮೇಲೆ ಒಂದು ಪ್ರತಿ ತೆಗೆಸಿ, ಹತ್ತು ನಿಮಿಷ ಒಣಗಲು ಬಿಟ್ಟು, ಒದ್ದೆ ಅರಿಶಿನದ ಬೆರಳು ಒತ್ತಿ ನೋಡಿ. ಅಂಗಡಿಯವರು ನಕ್ಕರೆ ನಗಲಿ.

ಇನ್ನು ಹಾಳೆಯ ದಾರಿ. ಮುಂದಿನ ಟ್ರೇಯಿಂದ ಎಳೆದುಕೊಳ್ಳುವ ಯಂತ್ರದಲ್ಲಿ ಹಾಳೆ ‘ಯು’ ಆಕಾರಕ್ಕೆ ಬಗ್ಗಿ ತಿರುಗಬೇಕು. 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ತೂಕ) ಕಾರ್ಡು ಅಷ್ಟು ಬಗ್ಗದೆ ಒಳಗೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೆನ್ನಿಗೆ ರೋಲರ್ ಗೆರೆ ಬಿದ್ದು ಬರುತ್ತದೆ. ಹಿಂದಿನಿಂದ ನಿಂತ ಹಾಳೆ ಇಳಿಯುವ ಯಂತ್ರವೇ ಬೇಕು. ಅದರಲ್ಲೂ ಒಮ್ಮೆಗೆ ಐದೇ ಹಾಳೆ ಇಡಿ. ತುದಿ ಮೇಲಕ್ಕೆ ಮುದುರಿದ್ದರೆ ಶಾಯಿ ಚಿಮ್ಮಿಸುವ ಹೆಡ್ಡಿಗೆ ಉಜ್ಜಿ ಅಂಚಿನಲ್ಲಿ ಮಸಿ ಗೆರೆ ಬೀಳುತ್ತದೆ, ಹಾಗಾಗಿ ಇಡುವ ಮುಂಚೆ ಹಿಮ್ಮುಖ ಬಗ್ಗಿಸಿ ಚಪ್ಪಟೆ ಮಾಡಿಕೊಳ್ಳಿ. ಕ್ಯಾನನ್ ಡ್ರೈವರ್‌ನಲ್ಲಿ ಕಾಗದ ಉಜ್ಜದಂತೆ ತಡೆಯುವ ಆಯ್ಕೆಯೂ ಇದೆ. ಎರಡೂ ಬದಿ ತಾನೇ ಪ್ರಿಂಟ್ ಮಾಡುವ ಸೌಲಭ್ಯ ತೆಳು ಹಾಳೆಗೆ ಮಾತ್ರ. ಕಾರ್ಡನ್ನು ಕೈಯಲ್ಲೇ ತಿರುಗಿಸಬೇಕು. ಮೂಲೆಯಲ್ಲಿ ಪೆನ್ಸಿಲ್ ಗುರುತು ಮಾಡಿಕೊಳ್ಳದಿದ್ದರೆ ಹಿಂಬದಿ ತಲೆಕೆಳಗಾಗುವುದು ಖಂಡಿತ.

ಎ4 ಅನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ಕಾರ್ಡು. 120 ಕಾರ್ಡಿಗೆ 60 ಹಾಳೆ, ಹಾಳಾಗುವುದಕ್ಕೆ 12 ಸೇರಿಸಿ 72 ತನ್ನಿ. ಮಡಿಸುವ ಕಾರ್ಡಾದರೆ ಕಾಗದದ ನಾರು ಯಾವ ದಿಕ್ಕಿಗಿದೆ ನೋಡಬೇಕು: ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಬಗ್ಗಿಸಿದಾಗ ಎತ್ತ ಸಲೀಸಾಗಿ ಬಗ್ಗುತ್ತದೋ ಮಡಿಕೆ ಆ ಗೆರೆಗೆ ಬರಬೇಕು. ಪೊಟ್ಟಣದ ಎ4 ಕಾರ್ಡಿನಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ, ಮಡಿಸುವುದು ಅಡ್ಡಕ್ಕೆ. ಹಾಗಾಗಿಯೇ ಮಡಿಕೆ ಬಿರಿಯುವುದು. ಶಾಯಿ ಮುಗಿದ ಬಾಲ್‌ಪೆನ್ನಿಂದ ಸ್ಟೀಲ್ ಸ್ಕೇಲಿನ ಗುಂಟ ಎರಡು ಸಲ ಗೀರು ಎಳೆದು, ಆಮೇಲೆ ಮಡಿಸಿ.

ಹೊಳೆಯುವ ಚಿನ್ನದ ಬಣ್ಣ ಇಂಕ್‌ಜೆಟ್‌ನಿಂದ ಬರುವುದಿಲ್ಲ, ಬರುವುದು ಸಾಸಿವೆ ಬಣ್ಣ. ಚಿನ್ನ ಬೇಕೇ ಬೇಕು ಅಂದರೆ ಟೋನರ್ ಎಂಬ ಪುಡಿಯಿಂದ ಅಚ್ಚು ಹಾಕುವ ಲೇಸರ್ ಯಂತ್ರದಲ್ಲಿ ಕಪ್ಪಾಗಿ ಪ್ರಿಂಟ್ ತೆಗೆದು, ಮೇಲೆ ಟೋನರ್ ಫಾಯಿಲ್ ಇಟ್ಟು ಬಿಸಿ ಲ್ಯಾಮಿನೇಟರ್‌ನಲ್ಲಿ ಹಾಯಿಸಬೇಕು. ಟೋನರ್ ಇದ್ದಲ್ಲಷ್ಟೇ ಫಾಯಿಲ್ ಅಂಟುತ್ತದೆ. ಆದರೆ ಮನೆಯ ಸಣ್ಣ ಲೇಸರ್‌ಗಳಿಗೆ ಸಾಮಾನ್ಯವಾಗಿ 163 ಜಿಎಸ್‌ಎಂ ಮಿತಿ. ಇಂಕ್‌ಜೆಟ್‌ನ ಗ್ಲಾಸಿ ಹಾಳೆಯನ್ನು ಲೇಸರ್‌ಗೆ ಹಾಕಲೇಬೇಡಿ, ಕೋಟಿಂಗ್ ಕರಗಿ ಒಳಗಿನ ಬಿಸಿ ರೋಲರ್ ಫ್ಯೂಸರ್‌ಗೆ ಮೆತ್ತಿಕೊಳ್ಳುತ್ತದೆ.

ಕನ್ನಡದ ಅಕ್ಷರಕ್ಕೆ ಕೋಟಿಂಗ್ ಇಲ್ಲದ ಕಾರ್ಡು ಸ್ವಲ್ಪ ಶತ್ರು. ಶಾಯಿ ಹೀರಿ ಹಿಗ್ಗಿದಾಗ ಮೊದಲು ಮುಚ್ಚಿಕೊಳ್ಳುವುದು ಒತ್ತಕ್ಷರ; ‘ಸುಖಾಗಮನ ಬಯಸುವವರು’ ಪಟ್ಟಿಯನ್ನು 7 ಪಾಯಿಂಟ್‌ಗೆ ಇಳಿಸಿದರೆ ಬಂಧುಗಳ ಹೆಸರೇ ಓದಲು ಬರುವುದಿಲ್ಲ. 10ಕ್ಕಿಂತ ಕಡಿಮೆ ಬೇಡ. ಹಳೆಯ ನುಡಿ, ಬರಹ ಫಾಂಟಿನ ಕಡತ ಬೇರೆ ಕಂಪ್ಯೂಟರ್‌ನಲ್ಲಿ ಕಲಸುಮೇಲೋಗರವಾಗುತ್ತದೆ, ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿ. ನೋಟೋ ಸೆರಿಫ್ ಕನ್ನಡ ಚೆನ್ನಾಗಿದೆ. ‘ಬೆಣ್ಣೆ’ ಅಂತಲೂ ಒಂದು ಉಚಿತ ಫಾಂಟ್ ಇದೆ, ನಮ್ಮೂರಿಗೆ ಹೆಸರೇ ಸಾಕು. ಹಳೆಯ ಫೋಟೋಶಾಪ್‌ನಲ್ಲಿ ‘ಶ್ರೀ’ ಒಡೆದು ಬಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಆನ್ ಮಾಡಿ.

ಇಲ್ಲಿನ ಬೇಸಿಗೆ ಒಣ ಬೇಸಿಗೆ, ಕೆಲಸವಿಲ್ಲದೆ ನಿಂತ ಹೆಡ್ ಬೇಗ ಕಟ್ಟುತ್ತದೆ. ವಾರಕ್ಕೊಂದು ನಾಝಲ್ ಚೆಕ್ ಪುಟ (ಹೆಡ್ಡಿನ ರಂಧ್ರ ಕಟ್ಟಿದೆಯೇ ಅಂತ ತೋರಿಸುವ ಪುಟ) ತೆಗೆಯಿರಿ. ಗೋಡೆಯ ಸ್ವಿಚ್ಚಿನಲ್ಲಿ ಆರಿಸದೆ ಯಂತ್ರದ ಬಟನ್ ಒತ್ತಿಯೇ ಆರಿಸಿ. ಹಾಗೆ ಮಾಡಿದರೆ ಮಾತ್ರ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಪ್ರಿಂಟಾಗುವಾಗಲೇ ಕರೆಂಟು ಹೋಗಿ ಹೆಡ್ ನಡುದಾರಿಯಲ್ಲಿ ನಿಂತಿದ್ದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಬಟನ್‌ನಿಂದಲೇ ಆರಿಸಿ. ಅಚ್ಚಾದ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಚಾಪೆಯ ಮೇಲೆ ಒಂದು ರಾತ್ರಿ ಹರವಿ, ಅರಿಶಿನ ಮರುದಿನ ಹಚ್ಚಿ.