ಪಿನ್ನರ್‌ನಲ್ಲಿ ಸುಮ್ನೆ ಓಡಾಟ

ಲಂಡನ್‌ಗೆ ಹೋದವರು ಬಿಗ್ ಬೆನ್ ನೋಡುತ್ತಾರೆ. ನಾನೂ ನೋಡಿದೆ. ಅದರ ಬಗ್ಗೆ ಬರೆಯೋಕೆ ಏನಿಲ್ಲ ಬಿಡಿ. ನನಗೆ ಹಿಡಿಸಿದ್ದು ತಂಗಿಯ ಮನೆ ಇರುವ ಪಿನ್ನರ್. ಲಂಡನ್ನಿನ ವಾಯವ್ಯಕ್ಕೆ, ಹ್ಯಾರೋಗೆ ಸೇರಿದ ಬಡಾವಣೆ. ಬೇಕರ್ ಸ್ಟ್ರೀಟ್‌ನಲ್ಲಿ ಮೆಟ್ರೊಪಾಲಿಟನ್ ಲೈನ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ.

ಹಳೇ ಹಳ್ಳಿ ಬಡಾವಣೆಯಾದದ್ದು ರೈಲಿನಿಂದ. 1885ರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಕಂಪನಿಯ ರೈಲು ಇಲ್ಲಿಗೆ ಬಂತು. ಆ ಕಂಪನಿ ಬರೀ ರೈಲು ಓಡಿಸಲಿಲ್ಲ, ಹಳಿಯ ಪಕ್ಕದಲ್ಲಿ ಉಳಿದ ಜಾಗದಲ್ಲಿ ಮನೆಗಳನ್ನೂ ಎಬ್ಬಿಸಿತು. 1915ರಲ್ಲಿ ಈ ಕಡೆಯ ಊರುಗಳಿಗೆಲ್ಲ ಸೇರಿಸಿ ‘ಮೆಟ್ರೊಲ್ಯಾಂಡ್’ ಅಂತ ಹೆಸರಿಟ್ಟು ಜಾಹೀರಾತು ಶುರು ಮಾಡಿತು. ಬೆಂಗಳೂರಿನಲ್ಲಿ ಮೊದಲು ಮನೆ, ಮೆಟ್ರೊ ಯಾವಾಗಲೋ. ಇಲ್ಲಿ ಉಲ್ಟಾ.

ಆ ಕಾಲದ ಮನೆಗಳು ಈಗಲೂ ಸಾಲುಸಾಲಾಗಿವೆ. ಎರಡೆರಡು ಮನೆಗೆ ಒಂದೇ ನಡುಗೋಡೆ. ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿ. ಆ ಪಟ್ಟಿ ಯಾವ ಭಾರವನ್ನೂ ಹೊತ್ತಿಲ್ಲ, ಹಳೇ ಕಾಲದ ಮನೆ ಅನ್ನಿಸಲಿ ಅಂತ ಶೋಕಿಗೆ ಹೊಡೆದದ್ದು. ನಿಜವಾದ ಹಳೇ ಮರದ ಕಟ್ಟಡ ನೋಡಬೇಕಾದರೆ ಹೈ ಸ್ಟ್ರೀಟ್‌ಗೆ ಹೋಗಬೇಕು. ಅಲ್ಲಿನ ಕ್ವೀನ್ಸ್ ಹೆಡ್ ಪಬ್ 16ನೇ ಶತಮಾನದ್ದು.

ಆ ರಸ್ತೆಯ ಏರು ಮುಗಿದಲ್ಲಿ ಸೇಂಟ್ ಜಾನ್ ಚರ್ಚು. ಅದರ ಅಂಗಳದಲ್ಲೊಂದು ವಿಚಿತ್ರ ಸಮಾಧಿ ಇದೆ. ಎತ್ತರದ, ಚೂಪಾದ ಕಲ್ಲಿನ ಕಟ್ಟೆ. ಅದರ ನಡುವಿನಿಂದ ಕಲ್ಲಿನ ಶವಪೆಟ್ಟಿಗೆಯ ಎರಡು ತುದಿ ಈಚೆಗೂ ಆಚೆಗೂ ಚಾಚಿಕೊಂಡಿವೆ. ತೋಟಗಾರಿಕೆಯಲ್ಲಿ ಹೆಸರು ಮಾಡಿದ ಜಾನ್ ಕ್ಲಾಡಿಯಸ್ ಲೌಡನ್ ತನ್ನ ಅಪ್ಪ ಅಮ್ಮನಿಗಾಗಿ ಕಟ್ಟಿಸಿದ್ದು. ಹೆಣ ನೆಲದ ಮೇಲೆ ಇರುವವರೆಗೆ ಮಾತ್ರ ಆಸ್ತಿ ಮಕ್ಕಳದ್ದು ಅಂತ ಉಯಿಲಿನಲ್ಲಿತ್ತು, ಅದಕ್ಕೇ ಹೀಗೆ ಅಂತ ಜನ ಕಥೆ ಹೇಳುತ್ತಾರೆ. ಬರೀ ಕಥೆ. ಅವರನ್ನು ಇಟ್ಟಿರುವುದು ಕೆಳಗೆ, ನೆಲಮಾಳಿಗೆಯಲ್ಲಿ.

ಆದರೆ ನನ್ನ ಹೊಟ್ಟೆ ಉರಿಸಿದ್ದು ಇದ್ಯಾವುದೂ ಅಲ್ಲ. ಇಲ್ಲಿ ನಡೆಯುವವರಿಗೆ ಸಿಗುವ ಮರ್ಯಾದೆ. ಜೀಬ್ರಾ ದಾಟುವ ಜಾಗದಲ್ಲಿ ಕಪ್ಪು ಬಿಳಿ ಕಂಬ, ಅದರ ತುದಿಯಲ್ಲಿ ಮಿಣುಕುವ ಕಿತ್ತಳೆ ಬಣ್ಣದ ಗುಂಡು ದೀಪ. ಪಕ್ಕ ಹೋಗಿ ನಿಂತರೆ ಸಾಕು, ಕಾರು ನಿಲ್ಲುತ್ತದೆ. ಮೊದಲ ಸಲ ಕಾರು ಹೋಗಲಿ ಅಂತ ನಾನು ನಿಂತೆ, ನಾನು ಹೋಗಲಿ ಅಂತ ಕಾರಿನವನು ನಿಂತ. ಕೊನೆಗೆ ತಂಗಿ, “ನೀನು ದಾಟೋವರೆಗೂ ಅವನು ಕದಲಲ್ಲ, ನಡಿ ಅಕ್ಕಾ” ಅಂದಳು.

ಬಸ್ಸಿನಲ್ಲಿ ನೋಟು ಚಿಲ್ಲರೆ ನಡೆಯಲ್ಲ, 2014ರಿಂದ ಕಾರ್ಡೇ ಗತಿ. ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ದುಡ್ಡಿಲ್ಲ. 60 ದಾಟಿದ ಲಂಡನ್ನಿನವರು ಪಾಸ್ ಮಾಡಿಸಿಕೊಂಡರೆ ಪ್ರಯಾಣ ಬಿಟ್ಟಿ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ. ಹಾಗಾಗಿ ಅಜ್ಜಿಯರು ತಳ್ಳುವ ಚೀಲ ಹಿಡಿದು, ಗಡಿಯಾರ ನೋಡಿಕೊಂಡೇ ಸ್ಟಾಪಿಗೆ ಬರುತ್ತಾರೆ.

ಭಾನುವಾರ ಮಾತ್ರ ಕಷ್ಟ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಆ ದಿನ ಆರು ಗಂಟೆಗಿಂತ ಜಾಸ್ತಿ ಹೊತ್ತು ತೆರೆಯೋ ಹಾಗಿಲ್ಲ, ಹಾಗಂತ 1994ರ ಕಾನೂನು. ಸಂಜೆ ನಾಲ್ಕಕ್ಕೆ ಸೂಪರ್‌ಮಾರ್ಕೆಟ್ ಬಂದ್ ಅಂದರೆ ನಮ್ಮಂಥವರಿಗೆ ಹೇಗೆ? ಕರಿಬೇವಿಗೆ ಚಿಂತೆಯಿಲ್ಲ. ಹ್ಯಾರೋ ತುಂಬ ಗುಜರಾತಿಗಳಿದ್ದಾರೆ, ಅವರ ಸಣ್ಣ ಅಂಗಡಿಗಳಿಗೆ ಈ ಕಟ್ಟಳೆ ಇಲ್ಲ.

ಮೆಮೋರಿಯಲ್ ಪಾರ್ಕಿನಲ್ಲಿ ಹೀತ್ ರಾಬಿನ್ಸನ್ ಮ್ಯೂಸಿಯಂ ಇದೆ, 2016ರಲ್ಲಿ ತೆರೆದದ್ದು. ಸಣ್ಣ ಕೆಲಸಕ್ಕೆ ಹಗ್ಗ, ರಾಟೆ ಎಲ್ಲ ಸೇರಿಸಿ ಭಾರೀ ಯಂತ್ರ ಬರೆಯುತ್ತಿದ್ದ ಈ ಚಿತ್ರಗಾರ ಕೆಲವು ವರ್ಷ ಪಿನ್ನರ್‌ನಲ್ಲೇ ಇದ್ದವನು. ತಪ್ಪಿಸಬೇಡಿ.

ನನಗೆ ಸಿಗದೇ ಹೋದದ್ದು ಜಾತ್ರೆ. 1336ರಲ್ಲಿ ಮೂರನೇ ಎಡ್ವರ್ಡ್ ರಾಜ ಅಪ್ಪಣೆ ಕೊಟ್ಟ ಪಿನ್ನರ್ ಫೇರ್ ಈಗಲೂ ಮೇ ಕೊನೆಯ ಸೋಮವಾರದ ರಜೆ ಕಳೆದ ಬುಧವಾರ ನಡೆಯುತ್ತದೆ. ಊರಿನ ನಡುಬೀದಿಯಲ್ಲೇ ತೊಟ್ಟಿಲು, ರಾಟವಾಳ. ಹೋಗುವುದಾದರೆ ಕಾರು ಒಯ್ಯಬೇಡಿ, ರಸ್ತೆ ಮುಚ್ಚಿರುತ್ತಾರೆ. ರೈಲೇ ವಾಸಿ.